ಮರಿ ಹಾರುವವರೆಗೆ

ಫೆಬ್ರವರಿ 9, ಭಾನುವಾರ

ಬೆಳಿಗ್ಗೆಯಿಂದ ಹಿತ್ತಿಲಲ್ಲಿ ಗರಗಸದ ಸದ್ದು. ಹೋಗಿ ನೋಡಿದರೆ ಇವರು ಹಳೇ ಮಂಚದ ಹಲಗೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಮೊಣಕಾಲಲ್ಲಿ ಒತ್ತಿ ಹಿಡಿದು ಕೊಯ್ಯುತ್ತಿದ್ದರು. ರೇಡಿಯೇಷನ್ ಮುಗಿದು ತಿಂಗಳಾಯಿತು. ಆಮೇಲೆ ಅವರು ತಾವಾಗಿ ಕೈಗೆತ್ತಿಕೊಂಡ ಮೊದಲ ಕೆಲಸ ಇದು.

"ಏನ್ರೀ ಇದು?"

"ಗುಬ್ಬಿಗೆ ಮನೆ."

ಅಕ್ಟೋಬರಿನಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ನಾಲಿಗೆಯ ಎಡಭಾಗವನ್ನು ತೆಗೆದ ಮೇಲೆ ಅವರ ಮಾತು ನನಗೊಬ್ಬಳಿಗೇ ತಿಳಿಯುತ್ತದೆ. ಬೇರೆಯವರಿಗೆ ಅದು ಬಾಯಿ ತುಂಬ ಮುದ್ದೆ ಇಟ್ಟುಕೊಂಡು ಆಡಿದ ಹಾಗೆ ಕೇಳುತ್ತದಂತೆ. ಕಡೂರಿನಿಂದ ಹೊರಟ ಬಸ್ಸಿನ ಬಾಗಿಲಲ್ಲಿ ನಿಂತು 'ಬೀರೂರು, ಅಜ್ಜಂಪುರ' ಎಂದು ಊರೆಲ್ಲ ಕೇಳುವಂತೆ ಕೂಗುತ್ತಿದ್ದ ಕಂಡಕ್ಟರ್ ಹೊನ್ನೇಶ್. ಅದೇ ಬಾಯಿಗೆ ದಿನಕ್ಕಿಷ್ಟು ಎಂದು ಗುಟ್ಕಾ ಪೊಟ್ಟಣಗಳೂ ಹೋಗುತ್ತಿದ್ದವು. ಜಗಳವಾಡಿದ್ದೆ, ಊಟ ಬಿಟ್ಟಿದ್ದೆ, ಜೇಬಿನಿಂದ ತೆಗೆದು ಒಲೆಗೆ ಹಾಕಿದ್ದೆ. ಈಗ ಆ ಮಾತೆಲ್ಲ ಯಾಕೆ.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ತಾರೀಕು ಕೊಟ್ಟಾಗೆಲ್ಲ ಕರ್ಕೊಂಡು ಬನ್ನಿ. ಆದ್ರೆ ಕುತ್ತಿಗೇಲಿ ಗಂಟು ಅನ್ನೋದು ಏನಾದ್ರೂ ಕೈಗೆ ಸಿಕ್ತೋ, ತಾರೀಕು ಕಾಯ್ಬೇಡಿ, ಮಾರನೇ ದಿನಾನೇ ಬನ್ನಿ. ಚಿಕ್ಕದಿದ್ದಾಗ ಸಿಕ್ರೆ ತೆಗೆದುಹಾಕ್ಬಹುದು." ಅಂದಿನಿಂದ ಪ್ರತಿ ಭಾನುವಾರ ಸ್ನಾನವಾದ ಮೇಲೆ ನಾನೇ ಮುಟ್ಟಿ ನೋಡುತ್ತೇನೆ. ಮೊದಲು ಕಿವಿಯ ಹಿಂದೆ, ಆಮೇಲೆ ದವಡೆಯ ಕೆಳಗೆ, ಹೊಲಿಗೆಯ ಗುರುತಿನ ಉದ್ದಕ್ಕೂ, ಕೊರಳಿನ ಮೂಳೆಯವರೆಗೆ. ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುವಷ್ಟೇ ಶ್ರದ್ಧೆಯಿಂದ. ಇವತ್ತೂ ನೋಡಿದೆ. ಏನೂ ಇಲ್ಲ.

ಮುಂದಿನ ತಾರೀಕು ಏಪ್ರಿಲ್ ಹತ್ತು.

ಫೆಬ್ರವರಿ 18, ಮಂಗಳವಾರ

ಪೆಟ್ಟಿಗೆ ನಿನ್ನೆಯವರೆಗೂ ಸೀತಾಫಲದ ಗಿಡದಲ್ಲಿ ತೂಗುತ್ತಿತ್ತು. ಒಂದು ವಾರವಾದರೂ ಯಾವ ಗುಬ್ಬಿಯೂ ಅತ್ತ ತಿರುಗಿ ನೋಡಿರಲಿಲ್ಲ. ಇವರು ಬೆಳಿಗ್ಗೆ ಗಂಜಿ ಕುಡಿದು ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡರೆ ಮಧ್ಯಾಹ್ನದ ಗಂಜಿಗೇ ಏಳುವುದು.

ನಿನ್ನೆ ಅವರಿಗೆ ತಪ್ಪು ಹೊಳೆಯಿತು. ಗಿಡದಲ್ಲಿ ಪೆಟ್ಟಿಗೆ ಗಾಳಿಗೆ ಅಲ್ಲಾಡುತ್ತದೆ, ಮಧ್ಯಾಹ್ನದ ಬಿಸಿಲು ನೇರ ತೂತಿಗೇ ಹೊಡೆಯುತ್ತದೆ. ಗುಬ್ಬಿಗೆ ಕೂರಲೆಂದು ತೂತಿನ ಕೆಳಗೆ ಸಿಕ್ಕಿಸಿದ ಕಡ್ಡಿಯ ಮೇಲೆ ಕಾಗೆ ಬಂದು ಕೂರುತ್ತಿದೆ. ಇವತ್ತು ಕಡ್ಡಿ ಕಿತ್ತರು. ಪೆಟ್ಟಿಗೆಯನ್ನು ಬಚ್ಚಲುಮನೆಯ ಸೂರಿನ ಕೆಳಗೆ, ಗೋಡೆಗೆ ಅಲುಗದಂತೆ ಮೊಳೆ ಹೊಡೆದು ನಿಲ್ಲಿಸಿದರು. ತೂತು ಹತ್ತು ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಗೊರವಂಕ ನುಗ್ಗಲಾರದು. ಇರುವೆ ಹತ್ತದಂತೆ ಮೊಳೆಯ ಸುತ್ತ ಹರಳೆಣ್ಣೆ. ಕೆಳಗೆ ಮಣ್ಣಿನ ತಟ್ಟೆಯಲ್ಲಿ ನೀರು, ಇನ್ನೊಂದರಲ್ಲಿ ನವಣೆ.

"ಎಷ್ಟು ಬಾಡಿಗೆ ಇಟ್ಟಿದೀರಿ?" ಎಂದೆ.

"ಅಡ್ವಾನ್ಸ್ ಇಲ್ಲ. ಸಸ್ಯಾಹಾರಿಗಳೇ ಬೇಕು ಅಂತಾನೂ ಇಲ್ಲ," ಅಂದರು.

ಈ ಊರಿಗೆ ಬಂದ ಹೊಸದರಲ್ಲಿ ನಾವು ಎಷ್ಟು ಮನೆ ಬಾಗಿಲು ತಟ್ಟಿ ವಾಪಸಾಗಿದ್ದೆವು! ಇಬ್ಬರೂ ಬಹಳ ದಿನಗಳ ಮೇಲೆ ನಕ್ಕೆವು. ನಗುವಾಗ ಅವರ ಬಾಯಿ ಒಂದು ಕಡೆಗೆ ಎಳೆಯುತ್ತದೆ.

ಮಾರ್ಚ್ 2, ಭಾನುವಾರ

ಚೌಳಹಿರಿಯೂರು ಕಡೆಯಿಂದ ಅತ್ತೆ ಬಂದಿದ್ದರು. ಮೈದುನನ ಮನೆಯಲ್ಲಿರುವ ಹಾಲಮ್ಮತ್ತೆ ಮಗನ ಗಂಜಿಗೆಂದು ರಾಗಿಯನ್ನು ತಾವೇ ಮೊಳಕೆ ಕಟ್ಟಿ, ಹುರಿದು, ಬೀಸಿಸಿ ತರುತ್ತಾರೆ. ಮಗನ ಮುಖವನ್ನು ಮಾತ್ರ ನೇರವಾಗಿ ನೋಡುವುದಿಲ್ಲ. ನೋಡಿದ್ದು ಪೆಟ್ಟಿಗೆಯನ್ನು.

"ಏನ್ಲಾ ಹೊನ್ನ, ಗುಬ್ಬಿಗೆ ಆಶ್ರಯ ಮನೆ ಮಂಜೂರಾಯ್ತಾ? ನಮ್ ಕಾಲ್ದಲ್ಲಿ ಅವೇ ಹೇಳ್ದೆ ಕೇಳ್ದೆ ನಮ್ಮನೇಗೆ ಬತ್ತಿದ್ವು. ಬುದ್ಧನ ಫೋಟೋ ಹಿಂದ್ಗಡೇನೇ ಗೂಡು. ನಿಮ್ಮಪ್ಪ ಮರಿ ಹಾರೋಗಂಟ ಮನೇಗೆ ಬೀಗ ಹಾಕಕ್ಕೆ ಬಿಡ್ತಿರಲಿಲ್ಲ. ನನ್ ತಂಗಿ ಮದ್ವೇಗೆ ನಾನೊಬ್ಳೇ ಹೋದೆ ಕಣವ್ವ ಅನಿತಾ, ಈ ಮಾರಾಯ ಗುಬ್ಬಿ ಕಾಯ್ಕಂಡು ಮನೇಲಿ ಕುಂತಿದ್ರು. ನಮ್ಮವ್ವ ಸಾಯಗಂಟ ಆಡ್ಕಂಡ್ಲು."

ಮಾವ ಗಿಡ್ಡಪ್ಪನವರನ್ನು ನಾನು ಕೊನೆಯ ನಾಲ್ಕು ವರ್ಷ ಮಾತ್ರ ಕಂಡೆ. ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಶಕುನ, ರಾಹುಕಾಲ, ದೃಷ್ಟಿ ತೆಗೆಯುವುದು ಎಲ್ಲವನ್ನೂ ಮನೆಯಿಂದ ಆಚೆ ಹಾಕಿದವರು. ಅವರ ಬೀಗದ ಕಟ್ಟಳೆಯಲ್ಲೂ ನಂಬಿಕೆಯ ಮಾತಿಲ್ಲ. ಗೂಡು ಮನೆಯೊಳಗೆ, ಬಾಗಿಲು ಹಾಕಿದರೆ ತಾಯಿ ಹೊರಗೆ, ಮರಿ ಒಳಗೆ. ಅಷ್ಟೇ. ಅತ್ತೆಗೆ ಇದನ್ನು ಬಿಡಿಸಿ ಹೇಳಿದೆ.

"ಹೂಂ ಕಣವ್ವ, ಇನ್ನೇನು ಮತ್ತೆ," ಅಂದರು, ನನಗೇನೋ ಆಗಿದೆ ಎಂಬಂತೆ ನೋಡುತ್ತ.

ಕುತ್ತಿಗೆ ನೋಡಿದೆ. ಏನೂ ಇಲ್ಲ.

ಮಾರ್ಚ್ 11, ಮಂಗಳವಾರ

ಬಂದವು! ಕಾಲೇಜಿನಿಂದ ಬಂದು ಚೀಲ ಇಳಿಸುವ ಮೊದಲೇ ಇವರು ಕೈ ಹಿಡಿದು ಹಿತ್ತಿಲಿಗೆ ಎಳೆದರು. ಗಂಡು ಪೆಟ್ಟಿಗೆಯ ಮೇಲೆ ಕೂತು ಒಂದೇ ಸಮ ಕಿರುಚುತ್ತಿತ್ತು. ಹೆಣ್ಣು ತೂತಿನಲ್ಲಿ ತಲೆ ಹಾಕಿತು, ತೆಗೆಯಿತು, ಮತ್ತೆ ಹಾಕಿತು, ಹಾರಿಹೋಯಿತು. ಗಂಡು ಹಿಂದೆಯೇ ಬೈಯುತ್ತ ಹೋಯಿತು. ಕವಿತೆಗಳಲ್ಲಿ ಹಕ್ಕಿ ಯಾವಾಗಲೂ ಏನನ್ನೋ ತಿಳಿಸಲು ಬರುತ್ತದೆ. ಇವು ಜಗಳ ಮುಂದುವರಿಸಲು ಒಂದು ಜಾಗ ಹುಡುಕಿಕೊಂಡು ಬಂದ ಹಾಗಿದ್ದವು.

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಕಲ್ಲಮ್ಮನ ತಲೆ ಎದ್ದಿತು. "ಬಂದ್ವಾ ಮೇಡಂ? ಇನ್ನು ನೋಡ್ತಾ ಇರಿ. ಗುಬ್ಬಿ ಸಂಸಾರ ಹೂಡಿದ ಮನೇಲಿ ಕಾಯ್ಲೆ ನಿಲ್ಲಲ್ಲ ಕಣ್ರೀ. ನಮ್ಮಜ್ಜಿ ಹೇಳೋರು."

ಇವರು ಏನೋ ಅಂದರು. ಕಲ್ಲಮ್ಮ ನನ್ನ ಮುಖ ನೋಡಿದರು.

"ಹಂಗಾದ್ರೆ ನಿಮ್ಮ ಮಂಡಿ ನೋವಿಗೆ ಎರಡು ಮಂಡಿಗೂ ಒಂದೊಂದು ಪೆಟ್ಟಿಗೆ ಹೊಡೆದುಕೊಡ್ತೀನಿ ಅಂತಿದಾರೆ," ಎಂದೆ.

"ಅಯ್ಯೋ ನಿನ್ನ! ನಾಲ್ಗೆ ಕೊಯ್ದ್ರೂ ಕಂಡಕ್ಟರ್ ಬುದ್ಧಿ ಹೋಗ್ಲಿಲ್ವಲ್ಲೋ ಹೊನ್ನೇಶಪ್ಪ!" ಎಂದು ಕಲ್ಲಮ್ಮ ಗೋಡೆ ಹಿಡಿದುಕೊಂಡು ನಕ್ಕರು. ಆ ಮಾತನ್ನು ಅಷ್ಟು ಸಲೀಸಾಗಿ ಆಡಿದವರು ಈ ಊರಿನಲ್ಲಿ ಅವರೊಬ್ಬರೇ. ಇವರಿಗೆ ಅದು ಬಹಳ ಹಿಡಿಸಿತು.

ಗುಬ್ಬಿ ಬಂದರೆ ಕಾಯಿಲೆ ಹೋಗುತ್ತದಂತೆ. ಪಾಪ, ಎಂಥ ನೆಮ್ಮದಿಯ ಲೋಕ ಅವರದು.

ಮಾರ್ಚ್ 17, ಸೋಮವಾರ

ಕಸಬರಿಗೆ ಕಡ್ಡಿ, ಒಣಹುಲ್ಲು, ನನ್ನ ಬಾಚಣಿಗೆಯಿಂದ ತೆಗೆದೆಸೆದ ಕೂದಲು, ದಿಂಬಿನ ಅರಳೆ. ಏನು ಕೊಟ್ಟರೂ ಒಯ್ಯುತ್ತವೆ. ಇವರು ಹಳೇ ದಿಂಬು ಬಿಚ್ಚಿ ಅರಳೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಗೋಡೆಯ ಮೇಲೆ ಇಡುತ್ತಾರೆ. ಬಾಯಿ ತೆರೆಯುವ ವ್ಯಾಯಾಮಕ್ಕೆ ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿ ಜೋಡಿಸಬೇಕು. ಈಗ ಹೆಣ್ಣುಗುಬ್ಬಿ ಒಂದು ಸಲ ಬಂದು ಹೋದರೆ ಒಂದು ಕಡ್ಡಿ ಹೆಚ್ಚು ಎಂದು ತಾವೇ ಪಂದ್ಯ ಕಟ್ಟಿಕೊಂಡಿದ್ದಾರೆ. ಕಣ್ಣಲ್ಲಿ ನೀರು ಬಂದರೂ ಬಿಡುವುದಿಲ್ಲ.

ಮಾರ್ಚ್ 23, ಭಾನುವಾರ

ಮೂರು ಮೊಟ್ಟೆ. ಹೆಣ್ಣು ಹೊರಗೆ ಹೋದಾಗ ಪಕ್ಕದ ಮುಚ್ಚಳ ಸರಿಸಿ ನೋಡಿದೆವು. ಬೂದಿ ಬಣ್ಣ, ಮೇಲೆ ಕಂದು ಚುಕ್ಕೆ, ಯಾರೋ ಪೆನ್ನು ಒದರಿದ ಹಾಗೆ. ಇವರು ಉಸಿರು ಬಿಗಿಹಿಡಿದು ಮುಚ್ಚಳ ಹಾಕಿದರು.

ಸ್ನಾನವಾದ ಮೇಲೆ ಕುತ್ತಿಗೆ ನೋಡಿದೆ. ಎಡಗಿವಿಯ ಕೆಳಗೆ, ಹೊಲಿಗೆಯ ಗುರುತು ಮುಗಿಯುವಲ್ಲಿ, ಅವರೆಕಾಳಿನಷ್ಟು ಏನೋ ಬೆರಳಿಗೆ ಸಿಕ್ಕಿತು. ಮತ್ತೆ ಒತ್ತಿದೆ. ಜಾರಿತು. ಇವರು ಕಣ್ಣು ಮುಚ್ಚಿಕೊಂಡಿದ್ದರು. ಬೆರಳು ನಿಂತದ್ದು ಅವರಿಗೆ ತಿಳಿಯಿತು.

"ಏನು?"

"ಹೊಲಿಗೆ ಗಂಟು," ಎಂದೆ.

ಹೊಲಿಗೆಯ ಗಂಟೇ ಇರಬೇಕು. ರೇಡಿಯೇಷನ್ನಿಗೆ ಚರ್ಮ ಅಲ್ಲಲ್ಲಿ ಗಟ್ಟಿಯಾಗುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಹೋದ ವಾರ ಇರಲಿಲ್ಲ ಎನ್ನುವುದಕ್ಕೂ ಆಗುವುದಿಲ್ಲ, ಹೋದ ವಾರ ನಾನು ಅವಸರದಲ್ಲಿದ್ದೆ. ನಾಳೆ ಕಾಲೇಜಿನಲ್ಲಿ ಪರೀಕ್ಷೆ ಕೆಲಸ. ಹೇಗೂ ಹತ್ತನೇ ತಾರೀಕು ಹೋಗುವುದಿದೆ.

ಮಾರ್ಚ್ 30, ಭಾನುವಾರ

ಯುಗಾದಿ. ಒಬ್ಬಟ್ಟನ್ನು ಹಾಲಿನ ಜೊತೆ ಮಿಕ್ಸಿಗೆ ಹಾಕಿ ಕೊಟ್ಟೆ. ಎರಡು ಚಮಚ ಕುಡಿದು, "ಬೆಲ್ಲ ಚೆನ್ನಾಗಿದೆ" ಅಂದರು. ರುಚಿ ಇನ್ನೂ ಬಂದಿಲ್ಲ ಎಂದು ನನಗೆ ಗೊತ್ತು.

ಎಣ್ಣೆ ಹಚ್ಚಿದೆ. ತಲೆಗೆ, ಬೆನ್ನಿಗೆ, ಕೈಕಾಲಿಗೆ. ಹಬ್ಬದ ಗಡಿಬಿಡಿಯಲ್ಲಿ ಕುತ್ತಿಗೆ ನೋಡಲಾಗಲಿಲ್ಲ.

ಹೆಣ್ಣು ಗೂಡು ಬಿಟ್ಟು ಏಳುತ್ತಿಲ್ಲ.

ಏಪ್ರಿಲ್ 4, ಶುಕ್ರವಾರ

ಪೆಟ್ಟಿಗೆಯೊಳಗಿಂದ ದನಿ! ಇನ್ನೂ ದನಿ ಎನ್ನುವ ಹಾಗಿಲ್ಲ, ಒದ್ದೆ ಗಾಜಿನ ಮೇಲೆ ಬೆರಳು ಎಳೆದಂತೆ. ಇವರು ಗೋಡೆಗೆ ಕಿವಿಯಿಟ್ಟು ಎಷ್ಟು ಹೊತ್ತು ನಿಂತರೋ. ಮೂರೂ ಒಡೆದಿವೆ ಎಂದು ಬೆರಳು ತೋರಿಸಿದರು. ಕಲ್ಲಮ್ಮನಿಗೆ ಕೂಗಿ ಹೇಳಿದೆ. ಅವರು ಸಕ್ಕರೆ ತಂದು ನಮ್ಮಿಬ್ಬರ ಬಾಯಿಗೂ ಹಾಕಿದರು. "ಆಯ್ತು ಬಿಡಿ ಮೇಡಂ, ಗಂಡಾಂತರ ಕಳೀತು."

ಯಾಕೋ ಈ ಸಲ ನಗು ಬರಲಿಲ್ಲ. ಒಳ್ಳೆಯ ಮಾತನ್ನು ಯಾರು ಆಡಿದರೇನು.

ಏಪ್ರಿಲ್ 9, ಬುಧವಾರ

ಸಂಜೆ ಆಸ್ಪತ್ರೆಯ ಚೀಲ ತುಂಬಿದೆ. ರಿಪೋರ್ಟು, ಫ್ಲಾಸ್ಕು, ಟವೆಲ್, ಗಂಜಿಯ ಪುಡಿ. ಇವರು ಹಿತ್ತಿಲ ಬಾಗಿಲಲ್ಲಿ ಕೂತಿದ್ದರು. ತಾಯಿಗುಬ್ಬಿ ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು ತೂತಿನಲ್ಲಿ ಅರ್ಧ ಮೈ ಹೊಗಿಸಿತ್ತು.

"ರೀ, ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ," ಎಂದೆ.

"ಹೂಂ."

"ನಾಳೆ ಬೆಳಗಿನ ರೈಲಿಗೆ ಬೀಗ ಹಾಕಿ ಹೋದ್ರೆ ಬಾಗ್ಲು ತೆಗೆಯೋದು ರಾತ್ರೀನೇ. ಮಾವ ಮರಿ ಹಾರೋವರೆಗೂ ಬೀಗ ಹಾಕ್ತಿರಲಿಲ್ಲ."

ಅವರು ನನ್ನ ಕಡೆ ತಿರುಗಿದರು. "ಆ ಗೂಡು ಒಳಗಿತ್ತಲ್ಲೇ."

"ಒಳಗೋ ಹೊರಗೋ, ಇದೇ ಮನೆ ನಂಬಿಕೊಂಡು ಬಂದಿವೆ. ಹದಿನೈದು ದಿನದಲ್ಲಿ ಏನಾಗಿಬಿಡುತ್ತೆ?"

ಅವರ ಎಡಗೈ ಮೇಲೆ ಹೋಗಿ ಕಿವಿಯ ಕೆಳಗೆ ಒಂದು ಸಲ ಮುಟ್ಟಿಕೊಂಡು ಇಳಿಯಿತು. ಆಮೇಲೆ ಎದ್ದು ಹೋಗಿ ಚೀಲವನ್ನು ಮಂಚದ ಕೆಳಗೆ ತಳ್ಳಿದರು. ಅವರಿಗೂ ಹಗುರವಾದಂತೆ ಕಂಡಿತು.

ಆಸ್ಪತ್ರೆಗೆ ಫೋನ್ ಮಾಡಿ ತಾರೀಕು ಬದಲಿಸಿದೆ. ಏಪ್ರಿಲ್ ಇಪ್ಪತ್ನಾಲ್ಕು. ಅಷ್ಟರಲ್ಲಿ ಹಾರಿರುತ್ತವೆ. ಫೋನಿನಲ್ಲಿದ್ದ ಹುಡುಗಿ "ಪೇಷಂಟಿಗೆ ಹೊಸದಾಗಿ ಏನಾದ್ರೂ ತೊಂದ್ರೆ ಇದೆಯಾ?" ಎಂದು ಕೇಳಿದಳು. ಇಲ್ಲ ಎಂದೆ.

ಏಪ್ರಿಲ್ 11, ಶುಕ್ರವಾರ

ದಾವಣಗೆರೆ ಹಾಸ್ಟೆಲಿನಿಂದ ಪ್ರಜ್ಞಾಳ ಫೋನ್. "ಅಮ್ಮಾ, ಡಾಕ್ಟರ್ ಏನಂದ್ರು?"

"ಎಲ್ಲಾ ಚೆನ್ನಾಗಿದೆ ಕಣೇ. ಬಾಯಿ ವ್ಯಾಯಾಮ ಬಿಡ್ಬೇಡಿ ಅಂದ್ರು."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಅತ್ತಳು. ಸಂತೋಷಕ್ಕೆ. ಪರೀಕ್ಷೆ ಹತ್ತಿರ ಬಂದಿದೆ, ಮಗು ನೆಮ್ಮದಿಯಾಗಿ ಓದಿಕೊಳ್ಳಲಿ. ಇಪ್ಪತ್ನಾಲ್ಕಕ್ಕೆ ಡಾಕ್ಟರು ಇದನ್ನೇ ಹೇಳಿದರೆ ನಾನು ಹೇಳಿದ್ದು ಸುಳ್ಳಾಗುವುದೂ ಇಲ್ಲ.

ಏಪ್ರಿಲ್ 14, ಸೋಮವಾರ

ಅಂಬೇಡ್ಕರ್ ಜಯಂತಿ. ಇವರು ಬಿಳಿ ಶರ್ಟು ತೊಟ್ಟರು. ಕಾಲರ್ ಗುಂಡಿ ಹಾಕಿದರೆ ಒತ್ತುತ್ತದೆ ಅಂದರು. ನೀಲಿ ಶಲ್ಯವನ್ನು ನಾನೇ ಕುತ್ತಿಗೆಗೆ ಎರಡು ಸುತ್ತು ಸುತ್ತಿದೆ. ಸರ್ಕಲ್ಲಿನಲ್ಲಿ ಡಿಪೋದ ಗೆಳೆಯರೆಲ್ಲ ಸಿಕ್ಕರು. "ಏನಣ್ಣ ಹೊನ್ನೇಶಣ್ಣ, ಈ ಬಿಸಿಲಿಗೂ ಶಲ್ಯನಾ?" ಎಂದು ಡ್ರೈವರ್ ಮಂಜಪ್ಪ ಎಳೆಯಲು ಬಂದ. ನಾನು ಅವನ ಕೈ ಹಿಡಿದೆ. ಸ್ವಲ್ಪ ಜೋರಾಗಿಯೇ ಹಿಡಿದೆನೇನೋ, ಅವನು ಪೆಚ್ಚಾದ.

"ಬಿಸಿಲು ತಾಗಬಾರದು ಅಂದಿದಾರೆ," ಎಂದೆ.

ಏಪ್ರಿಲ್ 20, ಭಾನುವಾರ

ಹಾರಿದವು. ಮೂರೂ ಹಾರಿದವು!

ಮೊದಲನೆಯದು ಬೆಳಿಗ್ಗೆಯೇ ತೂತಿನಲ್ಲಿ ಕೂತಿತ್ತು, ಮುಖ ಉಬ್ಬಿಸಿಕೊಂಡು, ಬಾಯಂಚಿನಲ್ಲಿ ಇನ್ನೂ ಹಳದಿ. ತಾಯಿ ಸೀತಾಫಲದ ಗಿಡದಲ್ಲಿ ಹುಳು ಕಚ್ಚಿಕೊಂಡು ಕರೆಯುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಮರಿ ಹಿಂದೆ ಸರಿಯಿತು, ಮುಂದೆ ಬಂತು, ಹಿಂದಿನಿಂದ ಅಣ್ಣನೋ ತಮ್ಮನೋ ತಳ್ಳಿರಬೇಕು, ಬಿದ್ದೇಬಿಟ್ಟಿತು ಎನ್ನುವಷ್ಟರಲ್ಲಿ ರೆಕ್ಕೆ ಬಿಚ್ಚಿತು. ನೇರ ಕಲ್ಲಮ್ಮನ ಒಣಹಾಕಿದ ಸೀರೆಗೆ ಡಿಕ್ಕಿ. ಅಲ್ಲಿಂದ ಗೋಡೆ, ಗೋಡೆಯಿಂದ ಗಿಡ. ಇವರು ಎದ್ದು ನಿಂತು, ಕುರ್ಚಿಯ ಬೆನ್ನನ್ನು ಎರಡು ಸಲ ತಟ್ಟಿ, ಗಂಟಲಿನಿಂದ ಒಂದು ಕೂಗು ಹಾಕಿದರು. ಬಸ್ಸು ಹೊರಡಿಸುವಾಗ ಹಾಕುತ್ತಿದ್ದ 'ರೈಟ್!' ಅದು. ಅಕ್ಟೋಬರಿನಿಂದ ಅಷ್ಟು ದೊಡ್ಡ ದನಿ ಈ ಮನೆಯಲ್ಲಿ ಕೇಳಿರಲಿಲ್ಲ. ಮೂರನೆಯದು ಹೊರಟಾಗ ಮಧ್ಯಾಹ್ನ ದಾಟಿತ್ತು. ಇಬ್ಬರೂ ಊಟ ಮರೆತಿದ್ದೆವು.

ಸಂಜೆ ಬಾಗಿಲಲ್ಲಿ ಕೂತಿದ್ದಾಗ ಅಂದರು: "ಇನ್ನು ಹೋಗೋಣ."

"ಹೋಗೋಣ," ಎಂದೆ. ನಿಜವಾಗಿಯೂ ಹೊರಡುವ ಮನಸ್ಸಿನಿಂದಲೇ ಹೇಳಿದೆ. ಮೂರಕ್ಕೆ ಮೂರೂ ಉಳಿದಿವೆ. ಇಂಥ ದಿನದ ಮೇಲೆ ಕೆಟ್ಟ ಸುದ್ದಿ ಬರಲಾರದು.

ಏಪ್ರಿಲ್ 22, ಮಂಗಳವಾರ

ಹೆಣ್ಣು ಮತ್ತೆ ಹುಲ್ಲು ತರುತ್ತಿದೆ. ಅದೇ ಪೆಟ್ಟಿಗೆಗೆ.

ಏಪ್ರಿಲ್ 24, ಗುರುವಾರ

ಹೋಗಲಿಲ್ಲ.

ಇವರು ಬೆಳಿಗ್ಗೆ ಸ್ನಾನ ಮಾಡಿ ಚಪ್ಪಲಿ ಹಾಕಿಕೊಂಡು ವರಾಂಡದಲ್ಲಿ ಕೂತಿದ್ದರು. ರೈಲಿನ ಹೊತ್ತು ದಾಟಿದ ಮೇಲೆ ಚಪ್ಪಲಿ ಬಿಚ್ಚಿದರು.

ಮೇ 5, ಸೋಮವಾರ

ನಾಲ್ಕು ಮೊಟ್ಟೆ ಎಂದು ಇವರು ಹೇಳಿದರು. ನಾನು ಮುಚ್ಚಳ ತೆಗೆದು ನೋಡಲಿಲ್ಲ. ಬಿಸಿಲು ವಿಪರೀತ. ಬಚ್ಚಲಿನ ಸೂರಿನ ಮೇಲೆ ಗೋಣಿಚೀಲ ಹಾಸಿ ನೀರು ಚಿಮುಕಿಸುತ್ತಿದ್ದೇನೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಕಲ್ಲಮ್ಮ ಹಾಲು ತಂದುಕೊಟ್ಟು ಅಡುಗೆಮನೆಯಲ್ಲೇ ನಿಂತರು. ದನಿ ತಗ್ಗಿಸಿ ಕೇಳಿದರು: "ಮೇಡಂ, ಹೊನ್ನೇಶಪ್ಪನ ಕುತ್ತಿಗೆ ಒಂದ್ಕಡೆ ಊದಿದಂಗೈತಲ್ಲ. ತೋರಿಸಿದ್ರಾ?"

"ಮರಿ ಹಾರಿದ ಮೇಲೆ ಹೋಗ್ತೀವಿ."

"ಯಾವ ಮರಿ?"

"ಗುಬ್ಬಿ ಮರಿ. ಮನೇಗೆ ಬೀಗ ಹಾಕ್ಬಾರ್ದು ಅಂತ."

"ಅಯ್ಯೋ ಶಿವನೇ, ನಾನಿಲ್ವಾ? ಬೀಗದ ಕೈ ನನ್ಗೆ ಕೊಟ್ಹೋಗಿ. ಬಾಗ್ಲು ತೆಗೆದು ಇಟ್ಕಂಡು, ನಿಮ್ಮ ಗುಬ್ಬೀಗೆ ಕಾಳು ನೀರು ಇಟ್ಕಂಡು, ಇಲ್ಲೇ ಧಾರಾವಾಹಿ ನೋಡ್ಕಂಡು ಬಿದ್ದಿರ್ತೀನಿ. ನನ್ಗೇನು ಕಡ್ದು ಗುಡ್ಡೆ ಹಾಕೋದೈತೆ?"

"ನಿಮಗ್ಯಾಕೆ ತೊಂದರೆ," ಎಂದೆ.

"ಗುಬ್ಬಿ ಬಂದ್ರೆ ಒಳ್ಳೇದು ಅಂತ ನಾನು ಬಾಯಿಮಾತಿಗೆ ಅಂದಿದ್ದು ಕಣ್ರೀ. ಓದ್ದೋರು ನೀವು..."

ಹಾಲು ಉಕ್ಕುತ್ತಿತ್ತು. ತಿರುಗಿ ಒಲೆ ಆರಿಸಿದೆ. ಅವರು ಸ್ವಲ್ಪ ಹೊತ್ತು ನಿಂತು ಹೋದರು. ಒಳ್ಳೆಯ ಹೆಂಗಸೇ. ಬೇರೆಯವರ ಮನೆ ವಿಷಯದಲ್ಲಿ ತಲೆ ಹಾಕುವುದು ಮಾತ್ರ ಜಾಸ್ತಿ.

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ದೀಪ ಹಚ್ಚಿ ವಂದನೆ ಹೇಳಿದೆವು. ಇವರಿಗೆ 'ಸರಣಂ' ಎನ್ನಲು ಆಗುವುದಿಲ್ಲ, ತುಟಿ ಆಡಿಸಿದರು. ನುಂಗುವಾಗ ನೋವು. ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡಿದ್ದೇನೆ. ರಾತ್ರಿ ಬಲ ಮಗ್ಗುಲಿಗೆ ಮಾತ್ರ ಮಲಗುತ್ತಾರೆ.

ನಾವು ಹರಕೆ ಹೊರುವವರಲ್ಲ. ನಾಲ್ಕೂ ಮರಿಯಾಗಿ ಹಾರಲಿ ಎಂದು ದೀಪದ ಮುಂದೆ ಅಂದುಕೊಂಡೆ. ನಾಲ್ಕಾಗದಿದ್ದರೆ ಮೂರಾದರೂ.

ಪುಸ್ತಕದ ಕಪಾಟಿನ ಗಾಜಿನ ಮೇಲೆ ದೂಳು ಕೂತಿದೆ. ಎಷ್ಟು ದಿನವಾಯಿತು ಒಂದು ಕವಿತೆ ಓದಿ.

ಮೇ 18, ಭಾನುವಾರ

"ನಿಮ್ ಗುಬ್ಬಿ ಕಾಣ್ತಿಲ್ವಲ್ಲ ಮೇಡಂ, ನಾಲ್ಕೈದು ದಿನದಿಂದ?" ಎಂದು ಕಲ್ಲಮ್ಮ ಗೋಡೆಯಾಚೆಯಿಂದ ಕೇಳಿದರು. "ಆ ಕರೀ ಬೆಕ್ಕು ಅವತ್ತು ಬಾಯಲ್ಲಿ ಏನೋ ಕಚ್ಕಂಡು ಓಡ್ತು."

ಇವರು ನನ್ನನ್ನು ನೋಡಿದರು.

"ಬಿಸಿಲಿಗೆ ಒಳಗೇ ಕೂತಿರುತ್ತೆ. ಬೆಳಗಿನ ಜಾವ ಬಂದು ಹೋಗುತ್ತೆ, ನಾನು ನೋಡ್ತೀನಿ," ಎಂದೆ.

ಬೆಳಗಿನ ಜಾವ ತೂತಿನಲ್ಲಿ ಏನೋ ಅಲುಗಿದ್ದನ್ನು ಕಂಡಿದ್ದೇನೆ. ನೀರು ಚಿಮುಕಿಸುವುದನ್ನು ಬಿಟ್ಟಿಲ್ಲ.

ಮೇ 22, ಗುರುವಾರ

ಮಾತ್ರೆ ಕೊಟ್ಟರೂ ನೋವು ಇಳಿಯುತ್ತಿಲ್ಲ. ಶಲ್ಯ ಬಿಚ್ಚಿದರೆ ಆ ಕಡೆ ಚರ್ಮ ಕೆಂಪಗೆ, ಹೊಳೆಯುತ್ತದೆ. ನಾನು ಬಲಗಡೆಯಿಂದ ಊಟ ಕೊಡುತ್ತೇನೆ.

ಪೆಟ್ಟಿಗೆಯಿಂದ ದನಿ ಇಲ್ಲ. ಮೊಟ್ಟೆ ಒಡೆಯಲು ಇನ್ನೂ ಒಂದೆರಡು ದಿನ ಇರಬಹುದು.

ಮೇ 25, ಭಾನುವಾರ

ಇವರು ನನ್ನನ್ನು ಕೇಳಲಿಲ್ಲ. ನಾನು ಬಟ್ಟೆ ಹರವುತ್ತಿದ್ದೆ. ಸ್ಟೂಲು ಎಳೆದುಕೊಂಡು ಹತ್ತಿದರು.

"ರೀ, ಬೇಡ. ತಾಯಿ ಒಳಗಿದೆ."

ಮುಚ್ಚಳ ಸರಿಸಿ ಕೈ ಹಾಕಿದರು. ಒಂದೊಂದೇ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಇಳಿದರು. ನನ್ನ ಒದ್ದೆ ಕೈಯನ್ನು ಬಿಡಿಸಿ ನಾಲ್ಕನ್ನೂ ಅದರಲ್ಲಿ ಇಟ್ಟರು. ತಣ್ಣಗಿದ್ದವು. ಒಂದರ ಮೇಲೆ ಜೇಡರ ಬಲೆಯ ಎಳೆ.

"ಮೊನ್ನೆ ಕೂಡ ತಾಯಿ ಒಳಗೆ ಹೋಗಿದ್ದನ್ನ ನೋಡಿದೆನಲ್ಲ," ಎಂದೆ.

"ನೋಡಿಲ್ಲ ಕಣೇ."

ಬೈಯುವ ದನಿ ಅಲ್ಲ. ಬಸ್ಸಿನಲ್ಲಿ ಮುದುಕಿಯರಿಗೆ ನಿಮ್ಮ ಊರು ದಾಟಿಹೋಯ್ತು ಎಂದು ಹೇಳುವಾಗಿನ ದನಿ.

ಮೊಟ್ಟೆಗಳನ್ನು ಸೀತಾಫಲದ ಬುಡದಲ್ಲಿ ಮುಚ್ಚಿದರು. ಕೈ ತೊಳೆದು ಬಂದು ಮಂಚದ ಕೆಳಗಿಂದ ಚೀಲವನ್ನು ಎಳೆದರು.

ಮೇ 26, ಸೋಮವಾರ

ರೈಲು ತರೀಕೆರೆ ದಾಟಿತು. ವಾಪಸು ಬರುತ್ತಿದ್ದೇವೆ. ಇವರು ಸೀಟಿನ ಬೆನ್ನಿಗೆ ತಲೆಯಿಟ್ಟು ಮಲಗಿದ್ದಾರೆ, ಬಲ ಮಗ್ಗುಲು ನನ್ನ ಕಡೆಗಿದೆ. ಮನೆಗೆ ಹೋದ ಮೇಲೆ ಬರೆಯಲು ಆಗಲಾರದು, ಇಲ್ಲೇ ಬರೆಯುತ್ತೇನೆ.

ಡಾಕ್ಟರು ಶಲ್ಯ ಬಿಚ್ಚಲು ಹೇಳಿದರು. ನಾನು ಬಿಚ್ಚಿದೆ. ಅವರು ತುಸು ಹೊತ್ತು ಮುಟ್ಟದೆ ಸುಮ್ಮನೆ ನೋಡಿದರು. ಆಮೇಲೆ ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಸರಿಸಲು ನೋಡಿದರು. ಅದು ಸರಿಯಲಿಲ್ಲ. ಸ್ಕ್ಯಾನಿಗೆ ಕಳಿಸಿದರು. ಮಧ್ಯಾಹ್ನ ಮತ್ತೆ ಕರೆದರು. ಫಿಲಂ ಬೆಳಕಿಗೆ ಹಿಡಿದು ತೋರಿಸಿದರು, ಮಿದುಳಿಗೆ ರಕ್ತ ಹೋಗುವ ನಾಳದ ಸುತ್ತ ಹೇಗೆ ಅಂಟಿಕೊಂಡಿದೆ ಎಂದು. ಇದನ್ನು ಇನ್ನು ಆಪರೇಷನ್ ಮಾಡಲು ಬರುವುದಿಲ್ಲ. ನೋವು ಕಡಿಮೆ ಮಾಡಬಹುದು. ಅದಕ್ಕೆ ಬೇರೆ ವಿಭಾಗ ಇದೆ, ಚೀಟಿ ಕೊಡುತ್ತೇನೆ ಅಂದರು. ಎಲ್ಲವನ್ನೂ ಇವರ ಮುಖ ನೋಡಿಕೊಂಡೇ ಹೇಳಿದರು. ಒಳ್ಳೆಯ ಮನುಷ್ಯ.

ಆಮೇಲೆ ಫೈಲು ತೆಗೆದು ಕೇಳಿದರು: "ಇದು ಮೊದಲು ಕೈಗೆ ಸಿಕ್ಕಿದ್ದು ಯಾವಾಗ?"

ಇವರು ಹೇಳಿದರು: "ಯುಗಾದಿಗೆ ಮುಂಚೆ."

ಡಾಕ್ಟರು ನನ್ನ ಕಡೆ ತಿರುಗಿದರು. "ಏನಂದ್ರು?"

"ಹದಿನೈದು ದಿನ ಆಯ್ತು ಅಂತಿದಾರೆ," ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹದಿನೈದು ದಿನಕ್ಕೆ ಇಷ್ಟು ಆಗಲ್ಲ ಮೇಡಂ. ಇನ್ನೊಂದ್ಸಲ ಸರಿಯಾಗಿ ಕೇಳಿ."

ನಾನು ಇವರ ಕಡೆ ತಿರುಗಿದೆ. "ಯಾವಾಗಿಂದ ಅಂತ ಕೇಳ್ತಿದಾರೆ," ಎಂದೆ.

ಅವರು ನನ್ನನ್ನು ನೋಡಿದರು. ಬಾಯಂಚಿನ ಜೊಲ್ಲನ್ನು ಶಲ್ಯದ ತುದಿಯಿಂದ ಒರೆಸಿಕೊಂಡರು. ಆಮೇಲೆ ಡಾಕ್ಟರ ಕಡೆಗೆ ಬಾಗಿ, ಹೊರಗಿನವರಿಗೂ ತಿಳಿಯಲಿ ಎಂದು ಒಂದೊಂದೇ ಅಕ್ಷರವನ್ನು ಎತ್ತಿಡುವಂತೆ, ನಿಧಾನವಾಗಿ ಹೇಳಿದರು: "ಅವಳು ಹೇಳಿದ್ದೇ ಸರಿ."

ಡಾಕ್ಟರಿಗೆ ಅದೂ ತಿಳಿಯಲಿಲ್ಲ. ಮತ್ತೆ ನನ್ನನ್ನೇ ಕೇಳಿದರು.

"ನಾನು ಹೇಳಿದ್ದೇ ಸರಿ ಅಂತಿದಾರೆ," ಎಂದೆ.

ಡಾಕ್ಟರು ಬರೆದುಕೊಂಡರು.